ಹೆಸರು ಹಾಕಿ ಬರೆದ ಪತ್ರ

ವೃತ್ತಪತ್ರಿಕೆಯಲ್ಲಿ ವಾಚಕರ ಪತ್ರಗಳ ಅಂಕಣವನ್ನು ಮೊದಲು ಓದಿ, ಆಮೇಲೆ ಮುಖಪುಟಕ್ಕೆ ಬರುವವರು ನಮ್ಮಲ್ಲಿ ಅನೇಕರುಂಟು. ಆ ಅಂಕಣದ ಖಾಯಂ ಲೇಖಕರು ಯಾರೆಂಬುದೂ ಅವರಿಗೆ ಗೊತ್ತು. ‘ಒಬ್ಬ ನೊಂದ ನಾಗರಿಕ’ ಎಂಬಾತ ಒಬ್ಬ, ‘ತೆರಿಗೆ ತೆರುವವ’ ಇನ್ನೊಬ್ಬ, ‘ಸತ್ಯಪ್ರಿಯ’ ಮೂರನೆಯವ. ಈ ಮೂವರೂ ನಾಡಿನ ಎಲ್ಲ ಊರುಗಳಲ್ಲಿಯೂ ಏಕಕಾಲಕ್ಕೆ ವಾಸಿಸುತ್ತಾರೆ, ಎಲ್ಲ ವಿಷಯಗಳಲ್ಲಿಯೂ ನೊಂದಿರುತ್ತಾರೆ. ಅವರ ಮನೆಯ ವಿಳಾಸ ಮಾತ್ರ ಅಂಚೆಯವನಿಗೂ ತಿಳಿಯದು. ಅವರನ್ನು ಹಾಸ್ಯಮಾಡುವುದು ಸುಲಭ. ಕಟ್ಟಿಕೊಂಡ ಚರಂಡಿಯ ವಿಷಯವಾಗಿ ಬರೆಯುವಾಗ ಹೆಸರು ಹಾಕಿದರೇನು, ಬಿಟ್ಟರೇನು? ಆದರೆ ತನ್ನ ಬೀದಿಯವರೇ, ತನ್ನ ಜನರೇ, ತನ್ನ ಮನೆಗೆ ಅರಿಸಿನ ಕುಂಕುಮಕ್ಕೆ ಬರುವವರೇ ನಡೆಸಿಕೊಂಡು ಬಂದಿರುವ ಅನ್ಯಾಯವನ್ನು ಕುರಿತು ಬರೆಯಬೇಕಾಗಿ ಬಂದಾಗ, ಪತ್ರದ ಕೆಳಗೆ ಹೆಸರು ಹಾಕುವುದೋ ಬೇಡವೋ ಎಂಬುದು ಬೇರೆಯೇ ಒಂದು ಪ್ರಶ್ನೆಯಾಗಿಬಿಡುತ್ತದೆ. ಹಾಗೆ ಹೆಸರು ಹಾಕಿದ ಒಬ್ಬ ಹೆಣ್ಣುಮಗಳ ಸಂಗತಿಯನ್ನು ಈ ವಾರ ಹೇಳಬೇಕೆಂದಿದ್ದೇನೆ. ಆಕೆ ನಮ್ಮವಳಲ್ಲ. ಆದರೆ ಆಕೆಯ ಪತ್ರದಲ್ಲಿ ನಮ್ಮ ಉಪ್ಪಿನ ಋಣ ಸ್ವಲ್ಪ ಬೆರೆತಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದಲ್ಲಿ ಅಲಬಾಮ ಎಂಬ ರಾಜ್ಯವಿದೆ. ಅದರ ರಾಜಧಾನಿ ಮಾಂಟ್‌ಗೊಮೆರಿ. 1955ರಲ್ಲಿ ಅಲ್ಲಿನ ನಗರದ ಬಸ್ಸುಗಳಲ್ಲಿ 36 ಆಸನಗಳಿದ್ದುವು. ಮುಂದಿನ ಹತ್ತು ಬಿಳಿಯರಿಗೆ ಮೀಸಲು. ಬಿಳಿಯರು ಒಬ್ಬರೂ ಇಲ್ಲದೆ ಆ ಹತ್ತೂ ಬರಿದಾಗಿದ್ದರೂ ಕಪ್ಪು ಜನ ಅವುಗಳ ಪಕ್ಕದಲ್ಲಿ ಜೋತುಬಿದ್ದು ನಿಂತೇ ಪ್ರಯಾಣಮಾಡಬೇಕು. ಅಷ್ಟೇ ಅಲ್ಲ, ಮುಂದಿನ ಬಾಗಿಲಲ್ಲಿ ಹತ್ತಿ, ಹತ್ತು ಸೆಂಟಿನ ಕಾಸನ್ನು ಪೆಟ್ಟಿಗೆಗೆ ಹಾಕಿ, ಮತ್ತೆ ಕೆಳಗಿಳಿದು, ಮಳೆಯಿರಲಿ ಬಿಸಿಲಿರಲಿ ಹೊರಗಿನಿಂದಲೇ ನಡೆದು, ಹಿಂದಿನ ಬಾಗಿಲಿನಿಂದ ಒಳಗೆ ಬರಬೇಕು. ಕಾಸು ಹಾಕಿದವರು ಹಿಂದಿನ ಬಾಗಿಲನ್ನು ಮುಟ್ಟುವುದರೊಳಗೆ ಚಾಲಕ ಬಸ್ಸನ್ನು ಹೊರಡಿಸಿಕೊಂಡು ಹೋಗಿಬಿಡುವುದೂ ಇತ್ತು. ಆ ಬಸ್ಸುಗಳ ಪ್ರಯಾಣಿಕರಲ್ಲಿ ಹೆಚ್ಚುಕಡಮೆ ಮುಕ್ಕಾಲು ಪಾಲು ಕಪ್ಪು ಜನರೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಗಿರಾಕಿಯ ದುಡ್ಡಿನಿಂದಲೇ ಅಂಗಡಿ ನಡೆಸಿ, ಗಿರಾಕಿಯನ್ನೇ ಜಗುಲಿಯ ಕೆಳಗೆ ನಿಲ್ಲಿಸುವ ವ್ಯಾಪಾರ!

ಆ ವರ್ಷದ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಮಹಿಳೆ ಒಬ್ಬ ಬಿಳಿಯನಿಗಾಗಿ ಏಳಲು ಒಪ್ಪದೆ ಬಂಧನಕ್ಕೊಳಗಾದ ಕಥೆಯನ್ನು ನಮ್ಮ ಮಕ್ಕಳೂ ಪಾಠದಲ್ಲಿ ಓದುತ್ತಾರೆ. ದಣಿದ ಮುದುಕಿಯೊಬ್ಬಳು ಕಾಲುನೋವಿನಿಂದ ಕುಳಿತೇ ಇದ್ದಳು ಎಂಬಂತೆ ಅದನ್ನು ಹೇಳುವುದು ವಾಡಿಕೆ, ಅದು ಸರಿಯಲ್ಲ. ಆಕೆಗೆ ಆಗ 42 ವರ್ಷ. ಹೊಲಿಗೆಯ ಕೆಲಸದಿಂದ ಜೀವನ ನಡೆಸುತ್ತಿದ್ದರೂ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ರಾಷ್ಟ್ರೀಯ ಸಂಘದ ಸ್ಥಳೀಯ ಶಾಖೆಗೆ ಕಾರ್ಯದರ್ಶಿಯಾಗಿದ್ದವರು. ಮಾಡುತ್ತಿರುವುದೇನೆಂದು ಚೆನ್ನಾಗಿ ಬಲ್ಲವರು. ಅದೇ ವರ್ಷದ ಮಾರ್ಚಿಯಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದು ವರ್ಷದ ವಿದ್ಯಾರ್ಥಿನಿ ಹೀಗೆಯೇ ಕುಳಿತು ಸೆರೆಯಾಗಿದ್ದಳು. ಹಿರಿಯರು ಆ ಹುಡುಗಿಯನ್ನು ಮುಂದಿಟ್ಟುಕೊಂಡು ಹೋರಾಡಲು ಹಿಂಜರಿದರು. ಅನ್ಯಾಯದ ವಿರುದ್ಧ ನಿಲ್ಲುವವರೂ ಲೋಕಾಪವಾದಕ್ಕೆ ಅಂಜುತ್ತಾರೆ, ಏನುಮಾಡುವುದು.

ರೋಸಾ ಪಾರ್ಕ್ಸ್ ಬಂಧನವಾದ ರಾತ್ರಿಯೇ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಿಕೆ ನಿದ್ರೆಗೆಟ್ಟು ಹತ್ತಾರು ಸಾವಿರ ಕರಪತ್ರಗಳನ್ನು ಸೈಕ್ಲೋಸ್ಟೈಲ್ ಮಾಡಿದರು. ಸೋಮವಾರ, ಡಿಸೆಂಬರ್ 5ರಂದು, ಯಾರೂ ಬಸ್ಸು ಹತ್ತಬೇಡಿ ಎಂಬುದು ಅದರ ಒಕ್ಕಣೆ. ಒಂದು ದಿನಕ್ಕೆಂದು ಹೂಡಿದ ಆ ಬಹಿಷ್ಕಾರ 381 ದಿನ ನಡೆಯಿತು. ಮಾರ್ಟಿನ್ ಲೂಥರ್ ಕಿಂಗ್ ಎಂಬ 26 ವರ್ಷದ ಪಾದ್ರಿ ಅದಕ್ಕೆ ನಾಯಕರಾದರು. ಅವರ ವಿಷಯ ಲೋಕವೆಲ್ಲ ಬಲ್ಲುದು. ನಾನು ಹೇಳಬೇಕಾದುದು ಅಡಿಗೆಯ ಮನೆಯ ವಿಷಯ.

ಮುನ್ನೂರು ಚಿಲ್ಲರೆ ಮೋಟಾರು ಕಾರುಗಳನ್ನು ಊರಿನ ಕೂಲಿಗಾರರಿಗಾಗಿ ದಿನವೂ ಓಡಿಸಬೇಕೆಂದರೆ ಪೆಟ್ರೋಲಿಗೆ, ಚಕ್ರಗಳಿಗೆ, ರಿಪೇರಿಗೆ ಹಣಬೇಕು. ಜಾರ್ಜಿಯ ಗಿಲ್‌ಮೋರ್ ಎಂಬ ಅಡಿಗೆಯಾಕೆ ಒಂದಷ್ಟು ಹೆಂಗಸರನ್ನು ಸೇರಿಸಿ, ಮನೆಗಳಲ್ಲಿ ಕೇಕು, ಕಡುಬು, ಹುರಿದ ಕೋಳಿ ಮಾಡಿಸಿ, ಮಾರಿ, ಬಂದ ದುಡ್ಡನ್ನು ವಾರವಾರವೂ ಸಭೆಯಲ್ಲಿ ತಂದು ಒಪ್ಪಿಸತೊಡಗಿದರು. ಬೇಯಿಸುವವರು ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದವರು. ಕೊಳ್ಳುವವರಲ್ಲಿ ಬಿಳಿಯರೂ ಇದ್ದರು. ಯಾರ ಹೆಸರು ಹೊರಬಿದ್ದರೂ ಅನ್ನಕ್ಕೆ ಕಲ್ಲು. ಆದುದರಿಂದ ಆಕೆ ಆ ಮಂಡಲಿಗೆ ‘ಎಲ್ಲಿಂದಲೂ ಬಾರದವರ ಕ್ಲಬ್ಬು’ ಎಂದು ಹೆಸರಿಟ್ಟರು. ಹಣ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಎಲ್ಲಿಂದಲೂ ಇಲ್ಲ ಎಂದು ಹೇಳಿದರಾಯಿತು, ಸುಳ್ಳೂ ಆಗಲಿಲ್ಲ. 1956ರ ಮಾರ್ಚಿಯಲ್ಲಿ ಕಿಂಗ್ ಅವರ ಮೇಲೆ ಮೊಕದ್ದಮೆ ನಡೆದಾಗ ಬಸ್ಸಿನಲ್ಲಿ ತಮಗಾದ ಅವಮಾನವನ್ನು ಆಕೆ ಕಟಕಟೆಯಲ್ಲಿ ನಿಂತು ಹೇಳಿದರು. ಅದರ ಫಲವಾಗಿ ಊಟದ ಹೋಟೆಲಿನ ನೌಕರಿ ಹೋಯಿತು. ಮನೆಯಲ್ಲಿಯೇ ಒಲೆ ಹೂಡಿ ಊಟ ಹಾಕತೊಡಗಿದರು. ಚಳವಳಿಯ ನಾಯಕರು ಗುಟ್ಟಾಗಿ ಸಮಾಲೋಚನೆಮಾಡುತ್ತಿದ್ದುದು ಎಷ್ಟೋ ಸಲ ಅದೇ ಮನೆಯ ಊಟದ ಮೇಜಿನ ಸುತ್ತ.

ಬಿಳಿಯರ ಮನೆಗಳಲ್ಲಿಯೂ ಒಂದು ಮೋಜಿನ ಪ್ರಕರಣ ನಡೆಯುತ್ತಿದ್ದಿತು. ಅಡಿಗೆಯವಳು ಬಸ್ಸು ಹತ್ತುವುದಿಲ್ಲ. ಅಡಿಗೆಯವಳಿಲ್ಲದೆ ಸಂಸಾರ ನಡೆಯುವುದಿಲ್ಲ. ಯಜಮಾನಿಯರೇ ಕಾರು ತೆಗೆದುಕೊಂಡು ಹೋಗಿ ಕೆಲಸದವರನ್ನು ಕರೆತಂದು, ಸಂಜೆ ಮನೆ ಮುಟ್ಟಿಸತೊಡಗಿದರು. ಇದರಿಂದಲೇ ಬಹಿಷ್ಕಾರ ಉಳಿದುಕೊಂಡಿದೆಯೆಂದು ಮೇಯರ್ ಗೇಲ್ ಸಿಟ್ಟಿಗೆದ್ದು, ಹೀಗೆ ಮಾಡಕೂಡದೆಂದು ಕೇಳಿಕೊಂಡರು. ಹಾಗಾದರೆ ಮೇಯರ್ ಅವರೇ ಬಂದು ನಮ್ಮ ಮನೆಯ ಬಟ್ಟೆ ಒಗೆದು, ಅಡಿಗೆ ಮಾಡಿ, ಮಕ್ಕಳನ್ನು ನೋಡಿಕೊಳ್ಳಲಿ ಎಂಬುದು ಆ ಗೃಹಿಣಿಯರಿಂದ ಬಂದ ಉತ್ತರ. ಆ ಊರಿನಲ್ಲಿದ್ದ ವರ್ಜೀನಿಯಾ ಡರ್ ಎಂಬ ಬಿಳಿಯ ಮಹಿಳೆ ತಮ್ಮ ನೆನಪುಗಳಲ್ಲಿ ಇದನ್ನು ಹೇಳಿದ್ದಾರೆ. ಅವರಲ್ಲಿ ನ್ಯಾಯಪಕ್ಷಪಾತಿಗಳು ಎಷ್ಟು ಮಂದಿ, ಪಾತ್ರೆ ತೊಳೆಯಲು ಬೇಸರವಿದ್ದವರು ಎಷ್ಟು ಮಂದಿ ಎಂದು ಲೆಕ್ಕಹಾಕುವುದು ಕಷ್ಟ. ಸರಿಯಾದ ಕೆಲಸ ಎಷ್ಟೋ ಸಲ ಇಂಥ ಮಿಶ್ರ ಕಾರಣಗಳಿಂದಲೇ ಆಗುತ್ತದೆ.

ನಡೆದವರಿಗೆ ದಾರಿಯಲ್ಲಿ ಜೊತೆಯಿತ್ತು. ರಾತ್ರಿಯ ಸಭೆಗಳಲ್ಲಿ ಹಾಡು ಇತ್ತು, ಸಾವಿರ ಕಂಠಗಳ ಧೈರ್ಯವಿತ್ತು. ಬೇಯಿಸಿ ಮಾರಿದವರಿಗೆ ಹೆಸರಿಲ್ಲದಿರುವಿಕೆಯ ಮರೆಯಿತ್ತು. ಕಾರು ಓಡಿಸಿದ ಯಜಮಾನಿಯರಿಗೆ ನೆಪವಿತ್ತು. ಇವು ಮೂರೂ ಇಲ್ಲದಿದ್ದ ಒಬ್ಬಾಕೆ ಆ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಮಾಡುತ್ತಿದ್ದರು. ಹೆಸರು ಜೂಲಿಯೆಟ್ ಹ್ಯಾಂಪ್ಟನ್ ಮಾರ್ಗನ್.

1914ರಲ್ಲಿ ಅದೇ ಊರಿನ ಒಳ್ಳೆಯ ಮನೆತನದಲ್ಲಿ ಹುಟ್ಟಿದ ಬಿಳಿಯ ಹೆಣ್ಣುಮಗಳು, ಎಂ.ಎ. ಓದಿದವರು, ಅವಿವಾಹಿತೆ, ತಾಯಿಯೊಡನೆ ವಾಸ. ಅವರಿಗೆ ಆಗಾಗ ಕಾರಣವಿಲ್ಲದೆ ಎದೆಗುಂದಿ ನಡುಕ ಬರುವ ಒಂದು ಬಾಧೆಯಿದ್ದಿತು. ಅದರಿಂದ ಕಾರು ನಡೆಸಲಾಗುತ್ತಿರಲಿಲ್ಲ. ಆ ಅಂತಸ್ತಿನವರು ಯಾರೂ ಹತ್ತದ ಬಸ್ಸನ್ನು ಹತ್ತಿದರು. ಆ ಅಂತಸ್ತಿನವರು ಯಾರೂ ನೋಡದುದನ್ನು ದಿನವೂ ನೋಡಿದರು. ಇದು ನನಗೆ ಬಹಳ ಮುಖ್ಯವೆಂದು ತೋರುತ್ತದೆ. ಸ್ವಂತ ವಾಹನದಲ್ಲಿ ಗಾಜು ಏರಿಸಿಕೊಂಡು ಹೋಗುವವರಿಗೆ ಊರಿನ ಅನ್ಯಾಯ ಕಾಣದಿರುವುದು ಅವರು ಕೆಟ್ಟವರಾದುದರಿಂದಲೇ ಅಲ್ಲ.

1939ರಲ್ಲಿ ಒಂದು ದಿನ ಕಪ್ಪು ಹೆಂಗಸೊಬ್ಬಳು ಕಾಸು ಹಾಕಿ, ಇಳಿದು, ಹಿಂದಿನ ಬಾಗಿಲಿಗೆ ಬರುವುದರೊಳಗೆ ಚಾಲಕ ಬಸ್ಸನ್ನು ಹೊರಡಿಸಿದ. ಒಳಗೆ ಕುಳಿತಿದ್ದ ಜೂಲಿಯೆಟ್ ಎದ್ದು ತುರ್ತು ನಿಲುಗಡೆಯ ಹಗ್ಗವನ್ನು ಎಳೆದರು. ಬಸ್ಸು ನಿಂತಿತು. ಬಾಗಿಲು ತೆಗೆದು ಆಕೆಯನ್ನು ಹತ್ತಿಸಿಕೊಳ್ಳಬೇಕೆಂದು ಪಟ್ಟುಹಿಡಿದರು. ಚಾಲಕ ಬಯ್ದ, ಸಹಪ್ರಯಾಣಿಕರು ಗೇಲಿಮಾಡಿದರು. ಬಾಗಿಲಂತೂ ತೆರೆಯಿತು. ಆ ಮೇಲೆ ಬಸ್ಸುಗಳಲ್ಲಿ ನಡೆಯುವ ಅನ್ಯಾಯವನ್ನು ಕುರಿತು ಊರಿನ ಪತ್ರಿಕೆಯಾದ ‘ಮಾಂಟ್‌ಗೊಮೆರಿ ಅಡ್ವರ್ಟೈಸರ್’ಗೆ ಬರೆಯತೊಡಗಿದರು. ಆಗ ಕೆಲಸದಲ್ಲಿದ್ದ ಪುಸ್ತಕದಂಗಡಿಯ ನೌಕರಿ ಹೋಯಿತು. ನಡುಕದ ಬಾಧೆಯುಳ್ಳವರಿಗೆ ಧೈರ್ಯವಿರಲಾರದೆಂದು ತಿಳಿಯುವವರು ಈ ಹಗ್ಗದ ಸಂಗತಿಯನ್ನು ಯೋಚಿಸಬೇಕು.

ಬಹಿಷ್ಕಾರ ತೊಡಗಿ ಒಂದು ವಾರವಾಗಿತ್ತು. 1955ರ ಡಿಸೆಂಬರ್ 12ರ ‘ಅಡ್ವರ್ಟೈಸರ್’ನಲ್ಲಿ ಅವರ ಪತ್ರ ಬಂದಿತು. ನಡೆದು ಹೋಗುತ್ತಿರುವ ಈ ಜನ ಗಾಂಧಿಯವರಿಂದಲೂ ಅವರಿಗೆ ಸ್ಫೂರ್ತಿಯಾಗಿದ್ದ ತಮ್ಮದೇ ದೇಶದ ಥೋರೋವಿನಿಂದಲೂ ಪಾಠ ಕಲಿತಂತಿದೆ ಎಂದರು. ಉಪ್ಪಿನ ಯಾತ್ರೆಯನ್ನು ನೆನೆದರು. ಇವರು ಗೆಲ್ಲಬೇಕಾದ ಪೂರ್ವಗ್ರಹ ಗಾಂಧಿಯವರು ಎದುರಿಸಿದ್ದಕ್ಕಿಂತಲೂ ದೊಡ್ಡದು ಎಂದರು. ಇತಿಹಾಸ ಎಲ್ಲಿಯೋ ದೂರದಲ್ಲಿ ಅಲ್ಲ, ಈಗ ನಮ್ಮೂರಿನ ಬೀದಿಯಲ್ಲಿ ನಡೆಯುತ್ತಿದೆ ಎಂಬುದು ಅದರ ಭಾವ. ಅಂಕೋಲೆಯ ಕಡಲತೀರದಲ್ಲಿ 1930ರ ಏಪ್ರಿಲಿನಲ್ಲಿ ಉಪ್ಪು ಕಾಯಿಸಿ ಕಾನೂನು ಮುರಿದ ನಮ್ಮ ಹಿರಿಯರಿಗೆ, ಆ ಉಪ್ಪಿನ ಮಾತು ಇಪ್ಪತ್ತೈದು ವರ್ಷಗಳ ಮೇಲೆ ಎಲ್ಲಿಗೋ ಹೋಗಿ ಮುಟ್ಟೀತೆಂಬ ಕಲ್ಪನೆಯಾದರೂ ಇದ್ದಿತೇ?

ಆ ಪತ್ರದಲ್ಲಿ ಬಯ್ಗುಳವಿಲ್ಲ. ತನ್ನವರನ್ನು ರಾಕ್ಷಸರೆಂದು ಕರೆದಿಲ್ಲ. ಆಕೆ ಬರೆದುದು ಹೊರಗಿನಿಂದ ಬಂದ ಉಪದೇಶಿಯಂತಲ್ಲ, ಆ ಊರಿನ ಮಗಳಂತೆ. ಪ್ರಾಯಶಃ ಅದೇ ಹೆಚ್ಚು ಚುಚ್ಚಿತು. ಹೊರಗಿನವನಾದರೆ ‘ನಿನಗೇನು ಗೊತ್ತು’ ಎಂದು ಬಾಯಿ ಮುಚ್ಚಿಸಬಹುದು. ಈಕೆಗೆ ಎಲ್ಲವೂ ಗೊತ್ತಿತ್ತು. ಬೆದರಿಕೆಯ ಪತ್ರಗಳು ಬಂದುವು. ಹೊತ್ತಲ್ಲದ ಹೊತ್ತಿನಲ್ಲಿ ಟೆಲಿಫೋನು ಕೂಗತೊಡಗಿತು. ಕೆಲಸದಿಂದ ತೆಗೆಯಿರೆಂದು ಮೇಯರ್ ಗ್ರಂಥಾಲಯದ ಆಡಳಿತದವರನ್ನು ಒತ್ತಾಯಪಡಿಸಿದರು. ಅವರು ತೆಗೆಯಲಿಲ್ಲ. ಆದರೆ ಇನ್ನು ಮುಂದೆ ಪತ್ರಿಕೆಗೆ ಬರೆಯಬಾರದೆಂದು ಆಕೆಗೆ ಹೇಳಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಸಭ್ಯರ ಆಡಳಿತ ಮಂಡಲಿಗಳು ಎಲ್ಲ ದೇಶಗಳಲ್ಲಿಯೂ ಒಂದೇ ರೀತಿ.

ಒಂದು ವರ್ಷ ಆಕೆ ಮೌನವಾಗಿದ್ದರು. ಆ ವರ್ಷದಲ್ಲಿ ಕಿಂಗ್ ಅವರ ಮನೆಯ ಜಗುಲಿಯ ಮೇಲೆ ಬಾಂಬು ಬಿತ್ತು. ಒಳಗೆ ಹೆಂಡತಿಯೂ ಕೂಸೂ ಇದ್ದರು. ಕಪ್ಪು ಸಭಿಕರ ಚರ್ಚಿಗೆ ಪಾದ್ರಿಯಾಗಿದ್ದ ರಾಬರ್ಟ್ ಗ್ರೇಟ್ಸ್ ಎಂಬ ಬಿಳಿಯರ ಮನೆಗೂ ಬಾಂಬು ಬಿತ್ತು. ನ್ಯಾಯಾಲಯದಲ್ಲಿ ದಾವೆ ಹೂಡಿದ ನಾಲ್ವರು ಹೆಂಗಸರಲ್ಲಿ ಆ ಹದಿನೈದರ ಹುಡುಗಿ ಕಾಲ್ವಿನ್ ಕೂಡ ಒಬ್ಬಳು ಎಂಬುದನ್ನು ಮರೆಯದೆ ಹೇಳಬೇಕು. 1956ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯ ಬಸ್ಸುಗಳಲ್ಲಿನ ವರ್ಣಭೇದವನ್ನು ಅಸಿಂಧುವೆಂದು ಎತ್ತಿಹಿಡಿಯಿತು. ಡಿಸೆಂಬರ್ 21ರಂದು ಜನ ಮತ್ತೆ ಬಸ್ಸು ಹತ್ತಿದರು. ಗೆದ್ದಾಯಿತು ಎಂದು ನಾವು ಪುಸ್ತಕ ಮುಚ್ಚುತ್ತೇವೆ. ಗೆದ್ದ ಮೇಲೆಯೇ ಬಸ್ಸುಗಳ ಮೇಲೆ ಗುಂಡು ಹಾರಿದುದು, ಚರ್ಚುಗಳಲ್ಲಿ ಬಾಂಬು ಸಿಡಿದುದು.

ಜೂಲಿಯೆಟ್ ಅವರ ಕಥೆ ಕೊನೆಗೆ ಬಂದುದೂ ಗೆದ್ದ ಮೇಲೆಯೇ. ಟಸ್ಕಲೂಸ ಎಂಬ ಊರಿನಲ್ಲಿ ಬುಫೋರ್ಡ್ ಬೂನ್ ಎಂಬ ಪತ್ರಿಕಾ ಸಂಪಾದಕರಿದ್ದರು. ಆಥರೀನ್ ಲೂಸಿ ಎಂಬ ಕಪ್ಪು ವಿದ್ಯಾರ್ಥಿನಿಯನ್ನು ವಿಶ್ವವಿದ್ಯಾನಿಲಯದಿಂದ ಗುಂಪು ಓಡಿಸಿದಾಗ ಅದನ್ನು ಖಂಡಿಸಿ ಬರೆದವರು. ಅದಕ್ಕಾಗಿ 1957ರಲ್ಲಿ ಪುಲಿಟ್ಸರ್ ಬಹುಮಾನ ಪಡೆದವರು. ಅವರು ಆ ವರ್ಷದ ಜನವರಿಯಲ್ಲಿ ವರ್ಣಭೇದವಾದಿಗಳ ಸಭೆಗೇ ಹೋಗಿ, ಅವರ ಎದುರಿಗೇ ನಿಂತು ಭಿನ್ನಾಭಿಪ್ರಾಯವನ್ನು ಆಡಿದರು. ಅದನ್ನು ಕೇಳಿದ ಜೂಲಿಯೆಟ್ ಸಂತೋಷ ತಡೆಯಲಾರದೆ ಅವರಿಗೊಂದು ಖಾಸಗಿ ಕಾಗದ ಬರೆದರು. ಈ ರಾಜ್ಯದಲ್ಲಿ ವಿವೇಕವೂ ಅದನ್ನು ಬಾಯಿಬಿಟ್ಟು ಹೇಳುವ ಎದೆಗಾರಿಕೆಯೂ ಉಳ್ಳ ಬಿಳಿಯ ಗಂಡಸರು ಇದ್ದಾರೆಯೇ ಎಂದು ತಮಗೆ ಸಂಶಯ ಬರತೊಡಗಿತ್ತು ಎಂದು ಹೇಳಿಕೊಂಡರು. ಬೂನ್ ಅದನ್ನು ಅಚ್ಚುಮಾಡಲು ಅನುಮತಿ ಬೇಡಿದರು. ಪರಿಣಾಮ ಏನೆಂಬುದು ಆಕೆಗೆ ಗೊತ್ತಿಲ್ಲದ್ದಲ್ಲ. ಒಪ್ಪಿದರು.

ಊರು ಸಿಡಿಯಿತು. ಜನ ಗ್ರಂಥಾಲಯದ ತಮ್ಮ ಚೀಟಿಗಳನ್ನು ಹರಿದುಹಾಕಿದರು. ಮೇಯರ್ ಗ್ರಂಥಾಲಯಕ್ಕೆ ಕೊಡುವ ಹಣವನ್ನು ತಡೆದರು. ಮನೆಯ ಮೇಲೆ ಕಲ್ಲು ಬಿತ್ತು. ಇವೆಲ್ಲ ಶತ್ರುಗಳ ಕೆಲಸ. ಸ್ನೇಹಿತರೆನ್ನಿಸಿಕೊಂಡವರ ಕೆಲಸ ಬೇರೆ ರೀತಿಯದು. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿದರು. ಬಾಲ್ಯದಿಂದ ಬಲ್ಲವರು ಮನೆಗೆ ಬರುವುದನ್ನು ನಿಲ್ಲಿಸಿದರು. ಕಲ್ಲಿಗಿಂತ ಇದೇ ಹೆಚ್ಚಾಗಿ ತಾಗಿತೆಂದು ನಾನು ನಂಬುತ್ತೇನೆ. ಜುಲೈ ತಿಂಗಳ ನಡುವಿನಲ್ಲಿ ಒಂದು ರಾತ್ರಿ ಮನೆಯ ಮುಂದಿನ ಹುಲ್ಲಿನ ಮೇಲೆ ಶಿಲುಬೆಯನ್ನು ಸುಟ್ಟರು. ಆಕೆ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಮರುದಿನ ಬೆಳಿಗ್ಗೆ ತಾಯಿ ನೋಡಿದಾಗ ಪ್ರಾಣವಿರಲಿಲ್ಲ. ತಾವಾಗಿಯೇ ಬದುಕನ್ನು ಮುಗಿಸಿಕೊಂಡಿದ್ದರು. ವಯಸ್ಸು 43.

ಇದರಿಂದ ಏನು ಸಾಧಿಸಿದಂತಾಯಿತು ಎಂದು ಕೇಳುವ ವ್ಯವಹಾರಜ್ಞರು ಇದ್ದೇ ಇರುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆಕೆಯ ಪತ್ರದಿಂದ ಒಂದು ಬಸ್ಸೂ ನಿಲ್ಲಲಿಲ್ಲ, ಒಂದು ಕಾನೂನೂ ಬದಲಾಗಲಿಲ್ಲ. ಗೆದ್ದುಕೊಟ್ಟದ್ದು ನಡೆದ ಕಾಲುಗಳು, ಹೂಡಿದ ದಾವೆ, ಬೇಯಿಸಿದ ಕೈಗಳು. ಆಕೆ ಬರೆಯದಿದ್ದರೂ ಅವರು ಗೆಲ್ಲುತ್ತಿದ್ದರು. ಈ ಮಾತನ್ನು ಒಪ್ಪಿಕೊಂಡೇ ಮುಂದೆ ಹೇಳಬೇಕು. 1958ರಲ್ಲಿ ಆ ಚಳವಳಿಯ ಇತಿಹಾಸವನ್ನು ಪುಸ್ತಕವಾಗಿ ಬರೆದಾಗ ಕಿಂಗ್ ಅವರು, ನಮ್ಮ ಹೋರಾಟವನ್ನು ಗಾಂಧಿಯವರ ಹೋರಾಟದೊಡನೆ ಮೊದಲು ಹೋಲಿಸಿ ಬರೆದವರು ಈ ಬಿಳಿಯ ಮಹಿಳೆ ಎಂದು ಹೆಸರು ಹಿಡಿದು ಸ್ಮರಿಸಿದರು. ತನ್ನವರ ತಿರಸ್ಕಾರವನ್ನು ತಾಳಿ ಆಕೆ ಬಹಳ ಕಾಲ ಬದುಕಲಿಲ್ಲವೆಂದೂ ಬರೆದರು. ಮರುವರ್ಷ ಫೆಬ್ರವರಿಯಲ್ಲಿ ಕಿಂಗ್ ದಂಪತಿಗಳು ಭಾರತಕ್ಕೆ ಬಂದು ಒಂದು ತಿಂಗಳು ಸುತ್ತಿದರು. ನಮ್ಮ ಬೆಂಗಳೂರಿಗೂ ಬಂದಿದ್ದರು.

ಆ ಪ್ರವಾಸದ ಒಂದು ಸಂಗತಿಯನ್ನು ಅವರು ಆಮೇಲೆ ಹೇಳುತ್ತಿದ್ದರು. ತಿರುವನಂತಪುರದ ಕಡೆ, ಅಸ್ಪೃಶ್ಯರೆನ್ನಿಸಿಕೊಂಡವರ ಮಕ್ಕಳು ಓದುವ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ‘ಅಮೆರಿಕದಿಂದ ಬಂದ ನಮ್ಮಂಥದೇ ಅಸ್ಪೃಶ್ಯರು’ ಎಂದು ಮಕ್ಕಳಿಗೆ ಪರಿಚಯಮಾಡಿಕೊಟ್ಟರಂತೆ. ಮೊದಲು ಅವರಿಗೆ ಮನಸ್ಸು ಕಸಿವಿಸಿಯಾಯಿತು; ಯೋಚಿಸಿದ ಮೇಲೆ, ಹೌದು, ಅದು ನಿಜ ಎನ್ನಿಸಿತು. ಅತಿಥಿಯ ಕಡೆಗೆ ಹಿಡಿದ ಆ ಕನ್ನಡಿಯಲ್ಲಿ ಆತಿಥೇಯರ ಮುಖವೂ ಕಾಣುತ್ತದೆ. ಅಮೆರಿಕದವರ ಹತ್ತು ಆಸನಗಳ ಕಥೆ ಓದಿ ‘ಎಂಥ ಜನವಪ್ಪ’ ಎನ್ನುವಾಗ, ನಮ್ಮ ಹಳ್ಳಿಯ ಚಹದಂಗಡಿಗಳಲ್ಲಿ ಬೇರೆಯಾಗಿ ತೂಗುಹಾಕುತ್ತಿದ್ದ ಲೋಟಗಳ ಸದ್ದನ್ನು ಕೇಳಿಸಿಕೊಳ್ಳಬೇಕು.

ಈ ವಾರಪತ್ರಿಕೆಯನ್ನು ಓದುವ ನಮ್ಮಂಥವರಲ್ಲಿ ಬಹಳ ಮಂದಿ ಬಸ್ಸಿನ ಮುಂಭಾಗದಲ್ಲಿ ಕುಳಿತವರೇ. ಎದ್ದೇಳೆಂದು ನಮಗೆ ಯಾರೂ ಹೇಳುವುದಿಲ್ಲ. ನಮ್ಮ ಪಾಲಿಗೆ ಬರುವುದು ರೋಸಾ ಪಾರ್ಕ್ಸ್ ಅವರ ಪರೀಕ್ಷೆಯಲ್ಲ, ಆ ಗ್ರಂಥಪಾಲಿಕೆಯ ಪರೀಕ್ಷೆ: ಹಗ್ಗ ಎಳೆಯುವುದೋ, ಕಿಟಕಿಯ ಹೊರಗೆ ನೋಡುವುದೋ. ಇದು ಬರಿಯ ಉಪಮೆಯಲ್ಲ. 2016ರ ಜನವರಿಯ ಕೊನೆಯ ದಿನ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ, ಆಫ್ರಿಕದ ಒಬ್ಬ ವಿದ್ಯಾರ್ಥಿಯ ಕಾರಿಗೆ ಸಿಕ್ಕಿ ಸ್ಥಳೀಯ ಹೆಂಗಸೊಬ್ಬಳು ಸತ್ತಳು. ಆಮೇಲೆ ಆ ದಾರಿಯಾಗಿ ಬಂದ ಟಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಹೊಡೆಯಿತು. ಆಕೆಗೂ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. ಚರ್ಮದ ಬಣ್ಣವೊಂದೇ ಸಂಬಂಧ. ತಪ್ಪಿಸಿಕೊಳ್ಳಲು ಅಲ್ಲಿಗೆ ಬಂದ ಒಂದು ಬಸ್ಸನ್ನು ಹತ್ತಿದಾಗ ಒಳಗಿದ್ದವರು ತನ್ನನ್ನು ಹೊರಕ್ಕೆ ತಳ್ಳಿದರೆಂದು ಆಕೆ ದೂರಿದರು. ಪೊಲೀಸರು ಕೆಲವರನ್ನು ಬಂಧಿಸಿದರು, ಮಂತ್ರಿಗಳು ವಿಷಾದ ಸೂಚಿಸಿದರು. ಆ ಬಸ್ಸಿನಲ್ಲಿ ಎಲ್ಲರೂ ತಳ್ಳಿರಲಾರರು. ಕೆಲವರು ಸುಮ್ಮನೆ ಕುಳಿತಿದ್ದಿರಬೇಕು. ಛೇ, ಪಾಪ, ಎಂದುಕೊಂಡಿರಲೂಬೇಕು.

ಮಾಂಟ್‌ಗೊಮೆರಿಯಲ್ಲಿಯೂ ಅಂಥವರು ಇದ್ದರು. ಒಬ್ಬ ಹೆಂಗಸು ಹೆಸರು ಹಾಕಿ ಬರೆದಳು. ಅವಳ ಮಾತು ಸರಿಯೆಂದು ಬಗೆದ ಹತ್ತು ಮಂದಿಯಾದರೂ ಆ ವಾರವೇ ತಮ್ಮ ಹೆಸರು ಹಾಕಿ ಬರೆದಿದ್ದರೆ? ಹತ್ತು ಮನೆಗಳ ಮುಂದೆ ಶಿಲುಬೆ ಸುಡುವುದು ಒಂದು ಮನೆಯ ಮುಂದೆ ಸುಟ್ಟಷ್ಟು ಸುಲಭವಲ್ಲ. ಬರೆಯಲಾರದವರು ಒಂದು ಸಂಜೆ ಆ ಮನೆಗೆ ಹೋಗಿ ತಾಯಿ ಮಗಳೊಡನೆ ಕಾಫಿ ಕುಡಿದು ಬರಬಹುದಾಗಿತ್ತು. ಅಷ್ಟಕ್ಕೆ ಎಂ.ಎ. ಓದಬೇಕಾಗಿರಲಿಲ್ಲ.

ಆಕೆ ಕೆಲಸಮಾಡುತ್ತಿದ್ದ ಆ ಗ್ರಂಥಾಲಯದ ಮಾತೊಂದು ಉಳಿದಿದೆ. ಆಕೆ ಅಲ್ಲಿದ್ದಷ್ಟು ಕಾಲವೂ ಅದು ಬಿಳಿಯರಿಗೆ ಮಾತ್ರ ತೆರೆದಿದ್ದ ಗ್ರಂಥಾಲಯ. 1962ರಲ್ಲಿ ಕಪ್ಪು ಯುವಕರು ನ್ಯಾಯಾಲಯಕ್ಕೆ ಹೋಗಿ, ತಮ್ಮನ್ನೂ ಒಳಗೆ ಬಿಡಬೇಕೆಂಬ ಆಜ್ಞೆಯನ್ನು ಪಡೆದರು. ನಗರದ ಅಧಿಕಾರಿಗಳು ಆಜ್ಞೆಯನ್ನು ಪಾಲಿಸಿದರು. ಆದರೆ ಕಪ್ಪು ಬಿಳಿಯರು ಒಂದೇ ಮೇಜಿಗೆ ಕುಳಿತಾರೆಂದು ಹೆದರಿ, ಒಳಗಿದ್ದ ಮೇಜು ಕುರ್ಚಿಗಳನ್ನೆಲ್ಲ ಸಾಗಿಸಿಬಿಟ್ಟರು. ಓದಬೇಕೆನ್ನುವವರು, ಯಾವ ಬಣ್ಣದವರಾದರೂ ಸರಿಯೆ, ನಿಂತು ಓದಲಿ! 2005ರ ನವೆಂಬರಿನಲ್ಲಿ ಆ ಊರಿನ ಮುಖ್ಯ ಗ್ರಂಥಾಲಯಕ್ಕೆ ಜೂಲಿಯೆಟ್ ಹ್ಯಾಂಪ್ಟನ್ ಮಾರ್ಗನ್ ಅವರ ಹೆಸರನ್ನಿಟ್ಟರು. ಕುರ್ಚಿಗಳು ಅದಕ್ಕೆ ಎಷ್ಟೋ ಮುಂಚೆಯೇ ಹಿಂದಿರುಗಿ ಬಂದಿದ್ದುವು.